ಸಪ್ಪೆ ಊಟದ ಹದಿನೇಳು ದಿನ

ಆಗ ನನಗೆ ಅರವತ್ತೆಂಟು, ನನ್ನ ಮೊಮ್ಮಗಳು ರಂಜಿತಳಿಗೆ ಹದಿನಾರು. ಐದು ವರ್ಷದ ಹಿಂದಿನ ಮಾತು ಇದು. ಅವಳು ಈಗ ಚೆನ್ನಾಗಿದ್ದಾಳೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇದನ್ನ ಓದೋರ ಮನೇಲೂ ಇಂಥ ಮಗು ಇರಬಹುದು, ಅವರನ್ನ ಕೊನೇ ತನಕ ಹೆದರಿಸಿ ಕೂರಿಸೋದು ನನಗೆ ಇಷ್ಟ ಇಲ್ಲ. ಚೆನ್ನಾಗಿದ್ದಾಳೆ. ಆದರೆ ನನ್ನ ಕೈಯಿಂದಲೇ ಹೋಗಿಬಿಡ್ತಿದ್ದಳು. ಅದನ್ನ ಬರೆಯೋಕೇ ಕೂತಿರೋದು.

ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ತಪ್ಪಿದ್ದನ್ನ ರಂಜೂನೇ ತಿದ್ದಿದ್ದಾಳೆ, ಮಾತು ಮಾತ್ರ ತಿದ್ದಬೇಡ ಅಂತ ಹೇಳಿದ್ದೀನಿ. ಅಕ್ಷರಕ್ಕಿಂತ ನನಗೆ ಅಂಕಿ ಚೆನ್ನಾಗಿ ಬರುತ್ತೆ. ಹುಣಸೂರಿಂದ ಪಿರಿಯಾಪಟ್ಟಣದ ಕಡೆ ಹೋಗೋ ರಸ್ತೆಯಿಂದ ಒಳಕ್ಕೆ ನಮ್ಮೂರು. ನಾವು ಹೊಗೆಸೊಪ್ಪು ಬೆಳೆಯೋರು. ಸೊಪ್ಪನ್ನ ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿಂದ ಬೆಂಕಿ ಕೊಟ್ಟು ಐದಾರು ದಿನ ಬೇಯಿಸಬೇಕು. ಗಾಜಿನ ಕಿಂಡೀಲಿ ಥರ್ಮಾಮೀಟರ್ ನೋಡ್ತಾ ಇರಬೇಕು. ಕಾವು ಸಾಲದಿದ್ದರೆ ಸೊಪ್ಪು ಹಸಿರಾಗೇ ನಿಂತುಬಿಡುತ್ತೆ, ಹೆಚ್ಚಾದರೆ ಕಪ್ಪಾಗುತ್ತೆ. ಮದುವೆಯಾಗಿ ಬಂದಾಗಿಂದ ಆ ಕಿಂಡಿ ನೋಡಿ ನೋಡಿಯೇ ನಾನು ಅಂಕಿ ಕಲಿತಿದ್ದು. ನಮ್ಮ ಬ್ಯಾರನ್ನಿನ ಕಾವು ನನ್ನ ಕೇಳದೆ ಯಾರೂ ಏರಿಸೋ ಹಾಗಿರಲಿಲ್ಲ. ಅಡುಗೆಮನೆ ಒಲೇದೂ ಅಷ್ಟೆ. ಆ ಯಜಮಾನಿಕೇನೇ ಆಮೇಲೆ ಮಗೂಗೆ ಮುಳುವಾಯ್ತು.

ರಂಜು ನನ್ನ ಮಗ ನಂಜುಂಡನಿಗೆ ಒಬ್ಬಳೇ ಮಗಳು. ಸೊಸೆ ಸುಧಾ ಕೆ.ಆರ್.ನಗರದ ಕಡೆಯವಳು. ಬಂದು ಹದಿನೆಂಟು ವರ್ಷ ಆಗಿತ್ತು, ನನ್ನ ಎದುರಿಗೆ ಒಂದು ದಿನ ಗಟ್ಟಿಯಾಗಿ ಮಾತಾಡಿದೋಳಲ್ಲ. ನಾನು ಅದನ್ನ ಒಳ್ಳೇ ಗುಣ ಅಂದ್ಕೊಂಡಿದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗೀತು, ರಂಜು ಮಲಗಿಬಿಟ್ಟಳು. ಜ್ವರ ಇಲ್ಲ, ಕೆಮ್ಮು ಇಲ್ಲ. ಗೋಡೆ ಕಡೆ ತಿರುಗಿ ಮಲಗಿದರೆ ಮಲಗಿದ್ದೇ. ತಲೆ ಬಾಚಲ್ಲ, ಸ್ನಾನಕ್ಕೆ ಏಳಲ್ಲ. ಉಪ್ಸಾರು ಮುದ್ದೆ ಅಂದರೆ ಅವಳಿಗೆ ಪ್ರಾಣ. ಸೊಪ್ಪು, ಕಾಳು ಬೇಯಿಸಿ ಉಪ್ಪು ಹಾಕಿ ಬಸಿದ ನೀರಿನ ಕಟ್ಟಿಗೆ ಅರೆದ ಖಾರ ಕಲಸಿಕೊಂಡು ಎರಡು ಮುದ್ದೆ ನುಂಗ್ತಿದ್ದ ಹುಡುಗಿ, ಎರಡು ತುತ್ತಿಗೆ ತಟ್ಟೆ ತಳ್ಳೋಳು.

"ಯಾಕವ್ವ, ಏನಾಗದೆ ನಿಂಗೆ?" ಅಂದೆ.

"ಏನೂ ಇಲ್ಲ ಅಜ್ಜಿ. ಒಳಗಡೆ ಏನೂ ಇಲ್ಲ," ಅಂದಳು.

ನನಗೆ ಅದು ಅರ್ಥ ಆಗಲಿಲ್ಲ. ಸೋಮಾರಿತನ ಅಂದೆ. ಮೊಬೈಲು ನೋಡಿ ನೋಡಿ ಇಂಗಾಗವ್ಳೆ ಅಂದೆ. ಪಕ್ಕದ ಮನೆ ಸಾಕಮ್ಮ ದೃಷ್ಟಿ ಅಂದಳು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ವಿ, ಮನೆ ಮಂದಿಯೆಲ್ಲ ಕೆಮ್ಮಿದ್ದೇ ಬಂತು. ಊರಿನ ಹತ್ತಿರದ ಕ್ಲಿನಿಕ್ಕಲ್ಲಿ ರಕ್ತ ಕಮ್ಮಿ ಅಂದರು, ಟಾನಿಕ್ ಕೊಟ್ಟರು. ರಕ್ತ ಕಮ್ಮಿ ಇದ್ದದ್ದೂ ನಿಜವೇ. ಆದರೆ ಅದು ಅಲ್ಲ ಕಾಯಿಲೆ.

ಹೊಲದಲ್ಲಿ ಸೊಪ್ಪು ಮುರಿಯೋ ಕಾಲಕ್ಕೆ ಸರಿಯಾಗಿ ಹುಡುಗಿ ಎದ್ದಳು. ಎದ್ದಳು ಅಂದರೆ ಅಂತಿಂಥ ಏಳೋದಲ್ಲ. ನಾವು ಕಣ್ಣು ಬಿಡೋ ಹೊತ್ತಿಗೆ ಅಂಗಳ ಗುಡಿಸಿ, ದನದ ಕೊಟ್ಟಿಗೆ ಬಳಿದು, ನೀರು ಕಾಯಿಸಿ ಇಟ್ಟಿರೋಳು. ಕಡ್ಡಿಗೆ ಸೊಪ್ಪು ಕಟ್ಟೋಕೆ ಕೂತರೆ ಮೂರು ಹೆಂಗಸರ ಕೆಲಸ ಒಬ್ಬಳೇ ಮಾಡೋಳು. ಬಾಯಿ ಒಂದು ಗಳಿಗೆ ಸುಮ್ಮನಿಲ್ಲ, ಹಾಡು, ನಗು.

"ಅಕ್ಕಯ್ಯ, ನಿನ್ ಮೊಮ್ಮಗಳಿಗೆ ಅದೇನ್ ತಿನ್ನುಸ್ದೆ ಹೇಳು," ಅಂದಳು ಸಾಕಮ್ಮ. "ನಮ್ಮನೇಲೂ ಒಂದು ಬಿದ್ಕಂಡದೆ, ಅದಕ್ಕೂ ಒಂದ್ ತುತ್ತು ಕೊಡ್ತೀನಿ."

"ಅದೆಲ್ಲ ರಕ್ತದಲ್ಲಿ ಬರ್ಬೇಕು ಕಣೆ ಸಾಕಿ," ಅಂದೆ ನಾನು. ಜಂಬ.

ಕಾಯಿಲೇನ ಹೊಗಳ್ತಾ ಕೂತಿದ್ವಿ ನಾವು. ಕೂಲಿಗೆ ಆಳು ಸಿಗದ ಕಾಲದಲ್ಲಿ ಇಂಥ ಕಾಯಿಲೆ ಬಂದರೆ ಯಾರ ಕಣ್ಣಿಗೂ ಅದು ಕಾಯಿಲೆ ಅಂತ ಕಾಣಲ್ಲ. ಹತ್ತು ದಿನ ಆದಮೇಲೆ ನನಗೆ ಅನುಮಾನ ಬಂತು. ಹುಡುಗಿ ನಿದ್ದೇನೇ ಮಾಡ್ತಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಹೋಗ್ತಾಳೆ. ಸುಧಾಳ ಮದುವೆ ಸೀರೆ ತಂದು ಸೊಪ್ಪು ಕಟ್ಟೋಕೆ ಬಂದ ಹೆಂಗಸಿಗೆ ಉಡಿಸಿಬಿಟ್ಟಳು. ಆ ಹೆಂಗಸು ಅದನ್ನ ಮಡಿಸಿ ತಂದು ಕೊಟ್ಟು, "ಕೂಸ್ಗೆ ಉಷಾರಿಲ್ಲ ಕಣವ್ವ, ನೋಡ್ಕಳಿ," ಅಂದಳು. ನಮ್ಮೂರಲ್ಲಿ ಅದನ್ನ ಮೊದಲು ಹೇಳಿದ್ದು ಅವಳು. ಅವಳಿಗೆ ನಾನು ಒಂದು ಲೋಟ ಕಾಫಿ ಕೂಡ ಕೊಡಲಿಲ್ಲ, ಮುಖ ತಿರುಗಿಸಿದೆ.

ಒಂದು ಮಧ್ಯಾಹ್ನ ರಂಜು ಬ್ಯಾರನ್ನಿನ ಬಾಗಿಲು ತೆಗೆದು ನಿಂತಳು. ಒಳಗೆ ಸೊಪ್ಪು ಬೇಯೋಕೆ ಹಾಕಿ ಮೂರನೇ ದಿನ, ಕಾವು ಏರ್ತಾ ಇತ್ತು. ಬಾಗಿಲು ತೆಗೆದರೆ ಅಷ್ಟೂ ಸೊಪ್ಪು ಹಾಳು, ಅದು ನಮ್ಮೂರಲ್ಲಿ ಐದು ವರ್ಷದ ಮಗೂಗೂ ಗೊತ್ತು. "ಸೊಪ್ಗೆ ಉಸ್ರು ಕಟ್ತದೆ ಅಪ್ಪ, ಕೂಗ್ತಾವೆ, ನಿಂಗೆ ಕೇಳಲ್ವಾ?" ಅಂತ ಅಳ್ತಾಳೆ, ನಗ್ತಾಳೆ. ನಂಜುಂಡ ಸೌದೆ ರಾಶಿಯಿಂದ ಒಂದು ಕೊರಡು ಎತ್ತಿಕೊಂಡ. ನಾನು ಮಧ್ಯಕ್ಕೆ ಹೋದೆ.

"ಮುಟ್ಟಿದ್ರೆ ನೋಡ್ಲಾ! ಅದನ್ನ ಕೆಳಗಾಕು."

ಅವಳ ಕೈ ಹಿಡ್ಕೊಂಡೆ. ನಾಡಿ ಓಡ್ತಿತ್ತು. ಕಣ್ಣು ಉರೀತಿತ್ತು. ಒಳಗೆ ಯಾರೋ ಬೆಂಕಿ ಹಾಕಿ, ಆರಿಸೋರಿಲ್ಲದೆ ಬಿಟ್ಟು ಹೋದ ಹಾಗೆ. ಬೇಸಿಗೇಲಿ ಅಲುಗಾಡದೆ ಬಿದ್ದಿದ್ದೂ ಇವಳೇ, ಈಗ ಹಾರಾಡ್ತಿರೋದೂ ಇವಳೇ, ಎರಡೂ ಇವಳ ಕೈಯಲ್ಲಿಲ್ಲ ಅಂತ ನನಗೆ ಅವತ್ತು ಹೊಳೀತು.

ಆಶಾ ಕಾರ್ಯಕರ್ತೆ ಹುಡುಗಿ ಹೇಳಿದಳು, ಹುಣಸೂರಿನ ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬರ್ತಾರೆ ಅಂತ. ಸೊಪ್ಪು ಮುರಿಯೋದು ನಿಲ್ಲಿಸಿ ನಾಲ್ಕು ಜನಾನೂ ಹೋದ್ವಿ. ಹೊರಗೆ ಬೆಂಚಿನ ಮೇಲೆ ಕೂತಾಗ ನಂಜುಂಡ ತಲೆಗೆ ಟವಲ್ ಮುಸುಕು ಹಾಕ್ಕೊಂಡ, ಊರೋರು ಕಂಡಾರು ಅಂತ. ರಂಜು ಆ ಮುಸುಕು ಕಿತ್ತು, "ನನ್ನಪ್ಪ, ನೋಡ್ಕಳಿ ಎಲ್ಲಾರೂ," ಅಂತ ಕೂಗಿದಳು. ಕೂತಿದ್ದೋರೆಲ್ಲ ನಕ್ಕರು. ಅವನ ಮುಖ ಕೆಂಪಾಯ್ತು, ಆಮೇಲೆ ಅವನೂ ನಕ್ಕ. ಎಷ್ಟೋ ದಿನಕ್ಕೆ ನಕ್ಕಿದ್ದು.

ಒಳಗಿದ್ದೋರು ಇನ್ನೂ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ. ಈಗಿನ ಹಾರಾಟ ಎಲ್ಲ ಕೇಳಿಕೊಂಡು, "ಬೇಸಿಗೇಲಿ ಹೇಗಿದ್ದಳು?" ಅಂತ ಕೇಳಿದರು. ಆ ಪ್ರಶ್ನೆ ಅಲ್ಲೀ ತನಕ ಯಾರೂ ಕೇಳಿರಲಿಲ್ಲ. ಸುಧಾ ಬಾಯಿ ಬಿಟ್ಟು ಎಲ್ಲ ಹೇಳಿದಳು. ಡಾಕ್ಟ್ರಮ್ಮ ಬರೆದುಕೊಂಡು, ಮೈಸೂರಿನ ಆಸ್ಪತ್ರೇಲಿ ಸೇರಿಸಿ, ನಾನೂ ಅಲ್ಲೇ ಇರ್ತೀನಿ ಅಂದರು.

ಮೈಸೂರಲ್ಲಿ ಹದಿಮೂರು ದಿನ. ಕಾಯೋದು ಅಂದರೆ ಏನು ಅಂತ ಅಲ್ಲಿ ಕಲಿತೆ. ಚೀಟಿಗೆ ಕಾಯಿ, ರಕ್ತ ತೆಗೆಯೋರಿಗೆ ಕಾಯಿ, ಮಗು ನಿದ್ದೆ ಮಾಡಲಿ ಅಂತ ಕಾಯಿ. ನನ್ನ ಪಕ್ಕ ಸರಗೂರು ಕಡೆ ಹೆಂಗಸೊಬ್ಬಳು ಕೂರೋಳು, ಮಗನಿಗೆ ಮಾತ್ರೆ ತಗೊಂಡು ಹೋಗೋಕೆ ಬಂದಿದ್ದೋಳು. ನನ್ನ ಮುಖ ನೋಡಿ ಅವಳೇ ಕೇಳಿದಳು.

"ಯಾರ್ಗೆ ಅಕ್ಕ? ಮಗಳ?"

"ಮೊಮ್ಮಗಳು."

"ನನ್ ಮಗನ್ಗೂ ಇದೇ ವಯಸ್ಸಿಗೇ ಸುರುವಾಯ್ತು. ಮರ ಹತ್ತಿ ಕೂತ್ಕಂಡ್ರೆ ಇಳೀತಿರ್ಲಿಲ್ಲ. ಈಗ ಹ್ಯಾಂಡ್‌ಪೋಸ್ಟ್ ಸರ್ಕಲಲ್ಲಿ ಮೊಬೈಲ್ ರಿಪೇರಿ ಅಂಗ್ಡಿ ಮಡಗವ್ನೆ. ನನ್ಗೇ ಬೈತಾನೆ, ಫೋನ್ ನೀರ್ಗೆ ಬೀಳುಸ್ತೀಯ ಅಂತ."

ತನ್ನ ಡಬ್ಬಿ ತೆಗೆದು ಎರಡು ಇಡ್ಲಿ ನನ್ನ ಕೈಗಿಟ್ಟಳು. ಹೆಸರು ಕೇಳಲಿಲ್ಲ ನಾನು. ಆ ಇಡ್ಲಿ ತಿಂದಮೇಲೇ ನನಗೆ ಉಸಿರು ಸರಿಯಾಗಿ ಬಂದಿದ್ದು. ಮರ ಹತ್ತಿದೋನು ಇಳಿದು ಅಂಗಡಿ ಇಟ್ಟಿದ್ದಾನೆ ಅಂದರೆ ನಮ್ಮವಳೂ ಇಳೀತಾಳೆ.

ರಂಜು ಸ್ವಲ್ಪ ತಣ್ಣಗಾದ ಮೇಲೆ ಡಾಕ್ಟ್ರಮ್ಮ ನಮ್ಮನ್ನ ಕೂರಿಸಿಕೊಂಡು ಕಾಯಿಲೆ ಹೆಸರು ಹೇಳಿದರು. ಬೈಪೋಲಾರ್. ಮನಸ್ಸು ಒಂದು ಸಲ ಸಿಕ್ಕಾಪಟ್ಟೆ ಮೇಲೆ, ಒಂದು ಸಲ ಸಿಕ್ಕಾಪಟ್ಟೆ ಕೆಳಗೆ. ಇಷ್ಟು ಚಿಕ್ಕ ವಯಸ್ಸಿನೋರಲ್ಲಿ ಇದೇ ಕಾಯಿಲೆ ಅಂತ ಹೇಳೋಕೆ ನಾವೂ ಅವಸರ ಮಾಡಲ್ಲ, ಇಷ್ಟು ದಿನ ನೋಡಿದ್ದು ಅದಕ್ಕೇ ಅಂದರು. ಯಾರ ತಪ್ಪೂ ಅಲ್ಲ ಅಂದರು. ಸುಧಾ ಸೆರಗು ಬಾಯಿಗಿಟ್ಟು ಅತ್ತಳು. ನಂಜುಂಡ, "ಮದ್ವೆ ಮಾಡುದ್ರೆ ಸರಿಹೋಯ್ತದಾ ಮೇಡಂ?" ಅಂದ.

"ಮದುವೆ ಮಾತ್ರೆ ಅಲ್ಲಪ್ಪ," ಅಂದರು ಡಾಕ್ಟ್ರಮ್ಮ. "ಅವಳಿಗಿನ್ನೂ ಹದಿನಾರು. ಓದಿಸು."

ಸೇರಿಸಿದಾಗಿಂದ ಕೊಡ್ತಿದ್ದ ಮಾತ್ರೇನೇ ಮನೆಗೂ ಕೊಟ್ಟರು. ಲಿಥಿಯಂ ಅಂತ ಒಂದು, ಇನ್ನೊಂದು ನಿದ್ದೇದು. ಲಿಥಿಯಂದು ಒಂದು ಲೆಕ್ಕ ಉಂಟು ಅಂತ ತಿಳಿಸಿ ಹೇಳಿದರು. ರಕ್ತದಲ್ಲಿ ಅದು ಕಮ್ಮಿ ಆದರೆ ಕೆಲಸ ಮಾಡಲ್ಲ, ಜಾಸ್ತಿ ಆದರೆ ವಿಷ. ಅದಕ್ಕೇ ವಾರಕ್ಕೊಂದು ಸಲ ಬಂದು ರಕ್ತ ಕೊಡಬೇಕು. ನಾನು ತಲೆ ಆಡಿಸಿದೆ. ನಮ್ಮ ಬ್ಯಾರನ್ನಿನ ಲೆಕ್ಕವೇ ಅಲ್ಲವಾ ಇದು, ನನಗೆ ಹೇಳಿಕೊಡಬೇಕಾ?

ಕೊನೇಲಿ ಇನ್ನೊಂದು ಮಾತು ಹೇಳಿದರು. "ನೀರು ಚೆನ್ನಾಗಿ ಕುಡೀಲಿ. ಉಪ್ಪು ದಿನಾ ಎಷ್ಟು ತಿಂತಾಳೋ ಅಷ್ಟೇ ತಿನ್ನಲಿ. ಜಾಸ್ತೀನೂ ಬೇಡ, ಕಮ್ಮೀನೂ ಬೇಡ."

ಆ ಮಾತನ್ನ ನಾನು ಈ ಎರಡು ಕಿವಿಯಲ್ಲಿ ಕೇಳಿದ್ದೀನಿ. ಕೇಳಲಿಲ್ಲ, ತಿಳೀಲಿಲ್ಲ ಅಂತ ಸುಳ್ಳು ಹೇಳಲ್ಲ. ಕೇಳಿ, ಮನಸ್ಸಲ್ಲೇ ಅಂದ್ಕೊಂಡೆ: ಇವರಿಗೆ ಮಾತ್ರೆ ಗೊತ್ತು, ಪಥ್ಯ ಗೊತ್ತಿಲ್ಲ.

ಯಾಕೆ ಹಾಗಂದ್ಕೊಂಡೆ ಅಂದರೆ, ನನ್ನ ಗಂಡನಿಗೆ ಹಿಂದೆ ಕಾಮಾಲೆ ಆಗಿ ಕಣ್ಣು ಉಗುರು ಎಲ್ಲ ಅರಿಶಿನ ಆಗಿತ್ತು. ನಾಟಿ ಔಷಧಿ ಕೊಟ್ಟೋರು ಉಪ್ಪು, ಹುಳಿ, ಎಣ್ಣೆ ಮುಟ್ಟಿಸಬೇಡ ಅಂದರು. ಮೂರು ವಾರ ಸಪ್ಪೆ ಅನ್ನ, ಸಪ್ಪೆ ಮಜ್ಜಿಗೆ. ಮನುಷ್ಯ ಎದ್ದು ಕೂತ, ಆಮೇಲೆ ಇಪ್ಪತ್ತು ವರ್ಷ ಬದುಕಿದ. ಔಷಧಿ ಎಷ್ಟು ಜೋರೋ ಪಥ್ಯ ಅಷ್ಟು ಕಟ್ಟುನಿಟ್ಟು ಅನ್ನೋದು ನನ್ನ ತಲೇಲಿ ಅವತ್ತೇ ಕೂತುಬಿಟ್ಟಿತ್ತು. ನಮ್ಮ ಕಡೆ ಬಾಣಂತಿಗೂ, ಹಾವು ಕಚ್ಚಿದೋರಿಗೂ, ಯಾರಿಗೇ ಔಷಧಿ ಕೊಟ್ಟರೂ ಮೊದಲು ಕೇಳೋದು ಪಥ್ಯ ಏನು ಅಂತ. ಪಥ್ಯ ಇಲ್ಲದ ಔಷಧಿ ನಾನು ಕಂಡಿರಲಿಲ್ಲ. ಇಷ್ಟು ದೊಡ್ಡ ಕಾಯಿಲೆ, ವಿಷ ಆಗೋವಷ್ಟು ಜೋರು ಮಾತ್ರೆ, ಇದಕ್ಕೆ ಪಥ್ಯ ಬೇಡ ಅಂದರೆ ನಂಬೋದು ಹೇಗೆ?

ಮನೆಗೆ ಬಂದ ದಿನವೇ ರಂಜುಗೆ ಬೇರೆ ಪಾತ್ರೇಲಿ ಸಪ್ಪೆ ಬೇಯಿಸಿದೆ. ಸುಧಾ ಮೆಲ್ಲಗೆ, "ಅತ್ತೆ, ಡಾಕ್ಟ್ರು ಅಂಗೇನೂ ಹೇಳ್ಲಿಲ್ವಲ್ಲ," ಅಂದಳು.

"ನಿನ್ ಮಾವನ್ನ ಬದುಕ್ಸಿದ್ದು ಡಾಕ್ಟ್ರಾ, ನಾನಾ? ಸುಮ್ಕಿರು."

ಪಕ್ಕಕ್ಕೆ ಸರಿದು ಒಲೆ ನನಗೆ ಬಿಟ್ಟಳು. ಆದರೂ ಕದ್ದು ಉಪ್ಪು ಹಾಕಿಬಿಟ್ಟಾಳು ಅಂತ ನನಗೆ ಅನುಮಾನ. ಉಪ್ಪಿನ ಜಾಡಿ ತಗೊಂಡು ಹೋಗಿ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಸೊಂಟದಲ್ಲಿ. ಮಿಕ್ಕೋರ ಅಡುಗೆಗೆ ನಾನೇ ಕೈಯಲ್ಲಿ ಹಿಡಿದು ತಂದು ಹಾಕ್ತಿದ್ದೆ. ಈಗ ಇದನ್ನ ಹೇಳಿದರೆ ರಂಜು ನಗ್ತಾಳೆ, "ಒಡವೆ ಮಂಚದ ಕೆಳಗೆ, ಉಪ್ಪು ಟ್ರಂಕಲ್ಲಿ," ಅಂತ.

ಅವಳು ಯಾಕೆ ಒಪ್ಪಿದಳು? ಹೆದರಿದ್ದಳು, ಅದಕ್ಕೆ. "ಇದ್ರಿಂದ ಮತ್ತೆ ಅಂಗಾಗಲ್ವಾ ಅಜ್ಜಿ?" ಅಂತ ಕೇಳೋಳು. "ಆಗಲ್ಲ ಕಣವ್ವ, ನಾನಿವ್ನಿ," ಅನ್ನೋಳು ನಾನು. ಸಪ್ಪೆ ಮುದ್ದೆ ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬರೋದು ಅವಳಿಗೆ. ಒಬ್ಬಳೇ ಯಾಕೆ ತಿನ್ನಬೇಕು ಅಂತ ನಾನೂ ಅವಳ ಜೊತೆ ಸಪ್ಪೇನೇ ಉಂಡೆ. ಉಪ್ಪಿಲ್ಲದ ಸೊಪ್ಪಿನ ಕಟ್ಟು ಎಷ್ಟು ಕೆಟ್ಟದಾಗಿರುತ್ತೆ ಅಂತ ಉಂಡೋರಿಗೇ ಗೊತ್ತು.

ಮೊದಲ ವಾರ ರಕ್ತ ಕೊಡೋಕೆ ಹೋಗಬೇಕಿತ್ತು. ಬ್ಯಾರನ್ನಿಗೆ ಬೆಂಕಿ ಹಾಕಿದ್ವಿ, ಬಿಟ್ಟು ಹೋಗೋ ಹಾಗಿರಲಿಲ್ಲ. ಮುಂದಿನ ವಾರ ಅಂದ ನಂಜುಂಡ. ಮುಂದಿನ ವಾರವೂ ಬ್ಯಾರನ್ ತುಂಬಿತ್ತು. ಹುಡುಗಿ ಚೆನ್ನಾಗೇ ಇದ್ದಾಳಲ್ಲ, ಕಾಲೇಜಿನ ಪುಸ್ತಕಾನೂ ತೆಗೆದಿದ್ದಾಳೆ, ಏನವಸರ ಅಂದೆ ನಾನು. ಗಾಜಿನ ಕಿಂಡೀಲಿ ದಿನಕ್ಕೆ ನೂರು ಸಲ ಕಾವು ನೋಡೋಳು, ಮಗೂ ರಕ್ತ ಒಂದು ಸಲ ನೋಡಿಸಲಿಲ್ಲ.

ಹನ್ನೆರಡನೇ ದಿನಕ್ಕೋ ಏನೋ ಅವಳ ಕೈ ನಡುಗೋಕೆ ಶುರುವಾಯ್ತು. ಬೆಂದ ಸೊಪ್ಪನ್ನ ಬಣ್ಣ ನೋಡಿ ಬೇರೆ ಬೇರೆ ಮಾಡೋಕೆ ಕೂತಿದ್ವಿ, ಎಲೆ ಹಿಡಿದ ಕೈ ಅಲ್ಲಾಡ್ತಿತ್ತು. ಟೀ ಲೋಟ ಎತ್ತಿದರೆ ಮಡಿಲಿಗೆ ಚೆಲ್ಲಿಕೊಂಡಳು. ಕಾಯಿಲೆ ಮೈಬಿಟ್ಟು ಹೋಗ್ತಾ ಇದೆ ಅಂದೆ. ಆಮೇಲೆ ವಾಂತಿ, ಭೇದಿ. ಪಥ್ಯ ಸಾಲದು ಅಂತ ಮುದ್ದೇನೂ ನಿಲ್ಲಿಸಿ ಬರೀ ಸಪ್ಪೆ ಗಂಜಿ ಕೊಟ್ಟೆ. ಮಗು ಕುಸೀತಾ ಇತ್ತು, ನಾನು ಬಿಗಿ ಮಾಡ್ತಾ ಇದ್ದೆ.

ಹದಿನೇಳನೇ ದಿನ ಬೆಳಿಗ್ಗೆ ರಂಜು ಬಚ್ಚಲಿಗೆ ಹೋಗೋಕೆ ಎದ್ದೋಳು ಕುಡಿದೋರ ಹಾಗೆ ತೂರಾಡಿ ಗೋಡೆಗೆ ಬಿದ್ದಳು. "ಅವ್ವ" ಅಂತ ಕರೆದಳು, ನಾಲಿಗೆ ಹೊರಳಲಿಲ್ಲ. ನಾನು, "ಮಲಗುಸು, ಗಂಜಿ ತತ್ತೀನಿ," ಅಂದೆ.

ಸುಧಾ ಮಲಗಿಸಲಿಲ್ಲ. ನಂಜುಂಡನಿಗೆ ಆಟೋ ತಾ ಅಂದಳು. ಮಗಳನ್ನ ಹೆಗಲಿಗೆ ಆನಿಸಿಕೊಂಡು ಬಾಗಿಲಿಗೆ ಬಂದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಎಲ್ಲಿಗೆ?" ಅಂದೆ.

"ಅತ್ತೆ, ಬರೋದಾದ್ರೆ ಬನ್ನಿ. ಇಲ್ಲ ಅಂದ್ರೆ ದಾರಿ ಬುಡಿ."

ಹದಿನೆಂಟು ವರ್ಷದಲ್ಲಿ ಅವಳು ಗಟ್ಟಿಯಾಗಿ ಆಡಿದ್ದು ಅದೊಂದೇ ಮಾತು. ಮಗು ಬದುಕಿದ್ದು ಆ ಮಾತಿಂದ. ನಾನು ದಾರಿ ಬಿಟ್ಟೆ, ಆಮೇಲೆ ಅವರ ಹಿಂದೆ ಹೋಗಿ ಆಟೋ ಹತ್ತಿದೆ. ಹುಣಸೂರಲ್ಲಿ ಸೂಜಿ ಹಾಕಿ ಆಂಬುಲೆನ್ಸಲ್ಲಿ ಮೈಸೂರಿಗೆ ಕಳಿಸಿದರು. ದಾರಿ ಉದ್ದಕ್ಕೂ ರಂಜು ಕಾಲು ಸೆಟೆದುಕೊಳ್ಳೋದು, ಸಡಿಲ ಆಗೋದು. ನಾನು ಆ ಕಾಲು ಒತ್ತುತ್ತಾ ಕೂತಿದ್ದೆ. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಅದೇ ಡಾಕ್ಟ್ರಮ್ಮ ಓಡಿ ಬಂದರು. ರಕ್ತ ತೆಗೆದು ಕಳಿಸಿದರು. ರಿಪೋರ್ಟ್ ಬಂತು, ಮಾತ್ರೆ ಅಂಶ ರಕ್ತದಲ್ಲಿ ಇರಬೇಕಾದ್ದಕ್ಕಿಂತ ಎರಡು ಪಾಲು ಜಾಸ್ತಿ.

"ಮಾತ್ರೆ ಎಷ್ಟು ಕೊಟ್ಟಿದ್ದೀರಿ? ಜಾಸ್ತಿ ನುಂಗಿದ್ದಾಳಾ?" ಅಂತ ಕೇಳಿದರು. ಸುಧಾ ಮಾತ್ರೆ ಶೀಟು ತೆಗೆದು ತೋರಿಸಿದಳು. ಎಣಿಸಿದರು, ಒಂದೂ ಹೆಚ್ಚು ಕಮ್ಮಿ ಇಲ್ಲ.

"ನೋವಿನ ಮಾತ್ರೆ ಏನಾದ್ರೂ?"

"ಇಲ್ಲ ಮೇಡಂ."

"ಊಟ?"

ಸುಧಾ ನನ್ನ ಕಡೆ ನೋಡಲಿಲ್ಲ. ನೆಲ ನೋಡ್ತಾ, "ಮಾಡ್ತಿದ್ಲು ಮೇಡಂ," ಅಂದಳು.

ನನ್ನ ಮರ್ಯಾದೆ ಉಳಿಸಿದಳು ನನ್ನ ಸೊಸೆ. ಮಗಳು ಅಲ್ಲಿ ಬಿದ್ದಿದ್ದಾಳೆ, ಆಗಲೂ ಅತ್ತೇನ ಬಿಟ್ಟುಕೊಡಲಿಲ್ಲ. ಡಾಕ್ಟ್ರಮ್ಮ ಪಕ್ಕದ ಡಾಕ್ಟ್ರಿಗೆ ಹೇಳೋದು ಕೇಳಿಸ್ತು, ಈ ಹುಡುಗಿ ಮೈಗೆ ಈ ಮಾತ್ರೆ ಒಗ್ಗಲ್ಲ ಅನ್ಸುತ್ತೆ, ನಿಲ್ಲಿಸಿ ಬೇರೆ ನೋಡೋಣ ಅಂತ. ಅದೇ ಮಾತ್ರೇಲಿ ಅವಳು ಹದಿಮೂರು ದಿನದಲ್ಲಿ ಮನುಷ್ಯಳಾಗಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹುಡುಗಿಗೆ ಒಗ್ಗಿದ ಮಾತ್ರೆ ಮಾತ್ರ ತಪ್ಪಿಹೋಗ್ತಿತ್ತು.

"ಉಪ್ಪು ನಿಲ್ಸಿದ್ದೆ," ಅಂದೆ.

"ಏನಂದ್ರಿ ಅಜ್ಜಿ?"

"ನಾನು. ಪಥ್ಯ ಅಂತ. ಹದ್ನೇಳು ದಿನ ಒಂದ್ ಅಳ್ಳು ಉಪ್ಪು ಮುಟ್ಟುಸ್ಲಿಲ್ಲ. ನೀವು ಕಮ್ಮಿ ಬ್ಯಾಡ ಅಂದಿದ್ದು ಕೇಳುಸ್ಕಂಡಿದ್ದೆ."

ಬೈತಾರೆ ಅಂತ ತಲೆ ತಗ್ಗಿಸಿ ನಿಂತೆ. ಬೈಯಲಿ ಅಂತಲೇ ಇತ್ತು. ಡಾಕ್ಟ್ರಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆಗೆದರು. ನನ್ನ ಕೈ ಹಿಡ್ಕೊಂಡು ಸ್ಟೂಲಿನ ಮೇಲೆ ಕೂರಿಸಿದರು.

"ಹೇಳಿದ್ದು ಒಳ್ಳೇದಾಯ್ತು ಅಜ್ಜಿ. ಮೈಯಲ್ಲಿ ಉಪ್ಪು ಕಮ್ಮಿಯಾದ್ರೆ ಈ ಮಾತ್ರೆ ಹೊರಗೆ ಹೋಗಲ್ಲ, ಒಳಗೇ ಸೇರ್ತಾ ಹೋಗುತ್ತೆ. ಹಾಗಾದ್ರೆ ಮಾತ್ರೇದು ತಪ್ಪಲ್ಲ. ಇದನ್ನ ಸರಿ ಮಾಡಬಹುದು."

ಸರಿ ಮಾಡಬಹುದು ಅಂದರಲ್ಲ, ಆ ಎರಡು ಮಾತಿಗೆ ಅವರ ಕಾಲು ಹಿಡಿಯೋಕೆ ಹೋದೆ. "ಅಜ್ಜಿ, ಎದ್ದೇಳಿ, ನನಗೆ ಕೆಲಸ ಇದೆ," ಅಂತ ಗದರಿದರು. ಅವರು ನನ್ನ ಗದರಿದ್ದು ಅಷ್ಟೇ.

ರಂಜು ಕೈಗೆ ಬಾಟಲಿ ಹಾಕಿದರು. ಒಂದಾದ ಮೇಲೆ ಒಂದು. ನಾನು ಮಂಚದ ಪಕ್ಕ ಕೂತು ಹನಿ ಎಣಿಸ್ತಾ ಇದ್ದೆ. ನರ್ಸ್ ಹುಡುಗೀನ ಕೇಳಿದೆ, "ಅದ್ರೊಳಗೆ ಏನೈತವ್ವ ಮದ್ದು?"

"ಮದ್ದೇನಿಲ್ಲ ಅಜ್ಜಿ, ಉಪ್ಪುನೀರು."

ನಾನು ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದನ್ನ ಅವರು ಹನಿ ಹನಿಯಾಗಿ ಅವಳ ರಕ್ತಕ್ಕೆ ಬಿಡ್ತಾ ಇದ್ದರು. ಸೊಂಟದಲ್ಲಿ ಬೀಗದ ಕೈ ಚುಚ್ತಾ ಇತ್ತು. ಅದನ್ನ ತೆಗೆದು ಬಿಸಾಡಬೇಕು ಅನ್ನಿಸ್ತು, ಬಿಸಾಡಲಿಲ್ಲ. ಚುಚ್ಚಲಿ ಅಂದ್ಕೊಂಡೆ.

ಮೂರನೇ ದಿನ ಮಧ್ಯಾಹ್ನ ರಂಜು ಕಣ್ಣು ಬಿಟ್ಟು ಸರಿಯಾಗಿ ನೋಡಿದಳು. ನಾಲಿಗೆ ಇನ್ನೂ ದಪ್ಪ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಇಂಗಿಂಗೆ, ನನ್ನಿಂದ ಆಯ್ತು ಕಣವ್ವ ಅಂತ. ಅವಳು ತಲೆ ಮೇಲಿನ ಬಾಟಲಿ ಕಡೆ ನೋಡಿದಳು.

"ಅಂಗಾರೆ ಆ ಸಪ್ಪೆ ಗಂಜಿ ಸುಮ್ ಸುಮ್ನೆ ಕುಡ್ದ್ನಾ?"

"ಹೂಂ."

"ನೀನೂ ಸುಮ್ ಸುಮ್ನೆ ಕುಡ್ದ್ಯಾ?"

"ಹೂಂ ಕಣೆ."

"ಒಳ್ಳೇದಾಯ್ತು," ಅಂತ ಆ ಕಡೆ ತಿರುಗಿದಳು. ಬೆನ್ನು ಅಲ್ಲಾಡ್ತಿತ್ತು. ಅಳ್ತಾಳೆ ಅಂದ್ಕೊಂಡೆ. ನಗ್ತಾ ಇದ್ದಳು.

ರಕ್ತ ಮತ್ತೆ ಮತ್ತೆ ನೋಡಿ, ಅಂಕಿ ಇಳಿದ ಮೇಲೆ ಅದೇ ಮಾತ್ರೇನ ಕಮ್ಮಿ ಅಳತೇಲಿ ಮತ್ತೆ ಶುರು ಮಾಡಿದರು. ಆರು ದಿನಕ್ಕೆ ಮನೆಗೆ ಕಳಿಸಿದರು.

ಈಗ ಅವಳಿಗೆ ಇಪ್ಪತ್ತೊಂದು. ಬಿ.ಕಾಂ ಮುಗೀತು, ಹುಣಸೂರಲ್ಲಿ ಕೆಲಸಕ್ಕೆ ಹೋಗ್ತಾಳೆ. ಕಾಯಿಲೆ ಹೋಗಿಲ್ಲ, ಹೋಗೋ ಅಂಥದ್ದಲ್ಲ ಅಂತ ಹೇಳಿದ್ದಾರೆ. ನಡುವೆ ಎರಡು ಸಲ ಮಲಗಿದಳು. ಒಂದು ಸಲ ತಾನೇ ಮಾತ್ರೆ ನಿಲ್ಲಿಸಿ ಪಾಡು ಪಟ್ಟಳು, ಆಗ ಅವಳನ್ನ ಬೈಯೋ ಬಾಯಿ ನನಗಿರಲಿಲ್ಲ. ಈಗ ಅವಳೇ ತಿಳ್ಕೊಂಡಿದ್ದಾಳೆ. ನಿದ್ದೆ ಕಮ್ಮಿಯಾಗಿ ಕೆಲಸ ಜಾಸ್ತಿಯಾದರೆ ಅವಳೇ ಹೇಳ್ತಾಳೆ, "ಅಜ್ಜಿ, ಕಾವು ಏರ್ತಾದೆ, ಡಾಕ್ಟ್ರ ಅತ್ರ ಓಗುವ," ಅಂತ. ರಕ್ತ ಕೊಡೋ ದಿನ ಬಂದರೆ ಬ್ಯಾರನ್ನಲ್ಲಿ ಏನಿದ್ದರೂ ನಂಜುಂಡ ಬೈಕ್ ತೆಗೀತಾನೆ. ಸೀರೆ ತಂದುಕೊಟ್ಟ ಆ ಹೆಂಗಸು ಈಗಲೂ ನಮ್ಮಲ್ಲಿ ಸೊಪ್ಪು ಕಟ್ಟೋಕೆ ಬರ್ತಾಳೆ, ಬಂದ ದಿನ ಮೊದಲು ಕಾಫಿ ಅವಳಿಗೆ.

ಇದನ್ನ ಬರೀರಿ ಅಂದೋರು ಡಾಕ್ಟ್ರಮ್ಮನೇ. ನಿಮ್ಮ ಥರ ಪ್ರೀತಿಯಿಂದ ಪಥ್ಯ ಮಾಡೋರು ಬಹಳ ಜನ ಇದ್ದಾರೆ ಅಜ್ಜಿ ಅಂದರು. ಪ್ರೀತಿ ಅಂತ ಅವರು ದೊಡ್ಡ ಮನಸ್ಸಿಂದ ಹೇಳಿದ್ದು. ನನ್ನದು ಅರ್ಧ ಪ್ರೀತಿ, ಅರ್ಧ ಹಟ. ನಿಮ್ಮ ಮನೇಲಿ ಇಂಥ ಮಗು ಇದ್ದರೆ, ಪಥ್ಯ ಏನು ಅಂತ ಮಾತ್ರೆ ಬರೆದೋರನ್ನೇ ಕೇಳಿ. ಕೇಳಿದ ಮೇಲೆ ಅವರು ಹೇಳಿದ ಹಾಗೆ ನಡ್ಕೊಳ್ಳಿ. ನಿಮ್ಮ ಮನೇಲಿ ಮೆತ್ತಗೆ ಮಾತಾಡೋರು ಒಬ್ಬರು ಇರ್ತಾರಲ್ಲ, ಅವರ ಮಾತಿಗೂ ಒಂದು ಕಿವಿ ಕೊಡಿ.

ಐದು ವರ್ಷದ ಹಿಂದೆ ಅವತ್ತು ಆಸ್ಪತ್ರೆಯಿಂದ ಬಂದಾಗ ಸಂಜೆ ಆಗಿತ್ತು, ಎಲ್ಲರೂ ಸುಸ್ತಾಗಿ ಮಲಗಿದ್ವಿ. ಮಾರನೇ ದಿನ ಬೆಳಿಗ್ಗೆ ಎದ್ದು ಮುಖ ತೊಳೆದೆ. ಸೊಂಟದಿಂದ ಬೀಗದ ಕೈ ತೆಗೆದು ಟ್ರಂಕ್ ತೆರೆದು, ಉಪ್ಪಿನ ಜಾಡಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸುಧಾ ಒಲೆ ಮುಂದೆ ಇದ್ದಳು, ಸೊಪ್ಪು ಕಾಳು ಬೇಯ್ತಿತ್ತು. ನನ್ನ ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಯಾವಾಗಲೂ ಬಿಡೋ ಹಾಗೆ. ನಾನು ಆ ಜಾಗಕ್ಕೆ ಹೋಗಲಿಲ್ಲ. ಜಾಡಿ ಅವಳ ಕೈಲಿಟ್ಟೆ.

"ಎಷ್ಟ್ ಆಕ್ಲಿ ಅತ್ತೆ?" ಅಂದಳು.

"ನಿಂಗ್ ಗೊತ್ತಿಲ್ವಾ?" ಅಂದೆ.

ಉಪ್ಪು ಅವಳು ಹಾಕಿದಳು. ನಾನು ಒರಳ ಮುಂದೆ ಕೂತು ಖಾರ ಅರೆದೆ.